ಅಪಾಯದ ಸುದ್ದಿ ದುಡಿಯುವವನಿಗೂ ತಿಳಿಯಲಿ

ದೂರದಲ್ಲಿರುವವರ ಮುಖ ನೋಡುತ್ತ ಮಾತನಾಡುವ ಸಾಧನ ಇಂದು ಶ್ರೀಮಂತರ ಸೊತ್ತಾಗಿ ಉಳಿದಿಲ್ಲ. ರಾತ್ರಿ ಹೋಟೆಲಿನ ಬಾಗಿಲು ಹಾಕಿದ ಮೇಲೆ ಊರಿನಲ್ಲಿರುವ ತಾಯಿಯನ್ನು ನೋಡುವ ಮಾಣಿಯಿಂದ ಹಿಡಿದು, ಪರೇಲಿನ ಚಾಳಿನಲ್ಲಿ ಕುಳಿತು ಮೊಮ್ಮಕ್ಕಳ ಮಾತು ಕೇಳುವ ನಿವೃತ್ತ ಗಿರಣಿ ಕಾರ್ಮಿಕನವರೆಗೆ ಎಲ್ಲರ ಕೈಗೂ ಅದು ಬಂದಿದೆ. 2020ರ ಲಾಕ್‌ಡೌನಿನ ಕಾಲದಲ್ಲಿ ಎಷ್ಟೋ ಸಂಘಗಳ ಸಭೆಗಳೂ ಅದರಲ್ಲೇ ನಡೆದುವು. ಸಂತೋಷದ ವಿಷಯವೇ. ಆದರೆ ಈ ಸಾಧನವನ್ನು ಒದಗಿಸುವ ಕಂಪೆನಿಗಳ ಏರಿಳಿತದಲ್ಲಿ ನಾವು ದುಡಿಯುವ ಜನರು ಕಲಿಯಬೇಕಾದ ಪಾಠವೊಂದಿದೆ. ಅದರ ಕಡೆಗೆ ವಾಚಕರ ಗಮನ ಸೆಳೆಯಬಯಸುತ್ತೇವೆ.

ಅಮೆರಿಕದ ಜೂಮ್ ಕಂಪೆನಿಯನ್ನು ಎರಿಕ್ ಯುವಾನ್ ಎಂಬವರು 2011ರಲ್ಲಿ ಸ್ಥಾಪಿಸಿದರು. 2019ರ ಏಪ್ರಿಲಿನಲ್ಲಿ ಅದರ ಷೇರುಗಳು ಪೇಟೆಗೆ ಬಂದುವು. ಷೇರು ಮಾರುವ ಕಂಪೆನಿ ತನ್ನ ವ್ಯಾಪಾರಕ್ಕೆ ಎಲ್ಲೆಲ್ಲಿ ಪೆಟ್ಟು ಬೀಳಬಹುದೆಂಬುದನ್ನು ಮೊದಲೇ ಅಚ್ಚು ಹಾಕಿಸಿ ಪ್ರಕಟಿಸಬೇಕೆಂದು ಅಲ್ಲಿಯ ಕಾನೂನು. ನಮ್ಮ ದೇಶದಲ್ಲೂ ಸೆಬಿಯ ನಿಯಮ ಹಾಗೆಯೇ ಇದೆ. ಹೋಟೆಲು ಮಾರುವವನು ಛಾವಣಿ ಎಲ್ಲಿ ಸೋರುತ್ತದೆಂದು ಬರೆದುಕೊಟ್ಟ ಹಾಗೆ. ಆದಾಯವೆಲ್ಲ ಹೆಚ್ಚುಕಡಿಮೆ ಒಂದೇ ಸರಕಿನಿಂದ ಬರುತ್ತದೆ, ಸಿಸ್ಕೋ, ಮೈಕ್ರೋಸಾಫ್ಟ್, ಗೂಗಲ್ ಮುಂತಾದ ಬಲಾಢ್ಯರ ಪೈಪೋಟಿಯಿದೆ, ಸರಕನ್ನು ರೂಪಿಸುವ ಎಂಜಿನಿಯರುಗಳು ಬಹುಮಟ್ಟಿಗೆ ಚೀನದಲ್ಲಿದ್ದಾರೆ, ಗುಟ್ಟು ಹೊರಬಿದ್ದರೆ ಗಿರಾಕಿಗಳ ನಂಬಿಕೆ ಹೋಗುತ್ತದೆ – ಇಂಥ ಭಯಗಳನ್ನು ಜೂಮ್ ತಾನೇ ಬರೆದುಕೊಟ್ಟಿತ್ತು.

ಬರೆದ ಭಯಗಳಲ್ಲಿ ಕೆಲವು ವರ್ಷ ತುಂಬುವುದರೊಳಗೆ ನಿಜವಾದುವು. 2019ರ ಡಿಸೆಂಬರಿನಲ್ಲಿ ದಿನಕ್ಕೆ 1 ಕೋಟಿಯಷ್ಟಿದ್ದ ಬಳಕೆ 2020ರ ಮಾರ್ಚಿನಲ್ಲಿ 20 ಕೋಟಿಗೆ ಏರಿತು. ಕರೆಯದ ಜನರು ಸಭೆಗಳಿಗೆ ನುಗ್ಗಿ ಅಸಭ್ಯವಾಗಿ ವರ್ತಿಸಿದರು. ಮಾತು ಆಡಿದವನಿಗೂ ಕೇಳಿದವನಿಗೂ ಬಿಟ್ಟು ಬೇರಾರಿಗೂ ತಿಳಿಯದೆಂದು ಕಂಪೆನಿ ಹೇಳಿಕೊಂಡಿದ್ದುದು ಸರಿಯಲ್ಲವೆಂದು ಬಯಲಾಯಿತು. ಏಪ್ರಿಲ್ 16ರಂದು ಭಾರತದ ಗೃಹ ಖಾತೆಯೂ ಎಚ್ಚರಿಕೆ ನೀಡಿತು. ಆಗ ಕಂಪೆನಿ ಒಂದು ಒಳ್ಳೆಯ ಕೆಲಸ ಮಾಡಿತು. 90 ದಿನ ಹೊಸ ಸೌಕರ್ಯಗಳನ್ನು ಸೇರಿಸುವುದನ್ನು ನಿಲ್ಲಿಸಿ, ಎಂಜಿನಿಯರುಗಳನ್ನೆಲ್ಲ ಭದ್ರತೆಯ ಕೆಲಸಕ್ಕೆ ಹಚ್ಚಿತು. ಹೊಸ ತಿಂಡಿ ಹುಡುಕುವುದಕ್ಕೆ ಮುಂಚೆ ಅಡುಗೆಮನೆ ತೊಳೆಯಬೇಕೆಂಬ ವಿವೇಕ ಅದು. ಅದನ್ನು ಮೆಚ್ಚಲೇಬೇಕು.

ಪೈಪೋಟಿಯೂ ತಪ್ಪಲಿಲ್ಲ. ನಮ್ಮ ಮುಂಬಯಿಯ ರಿಲಯನ್ಸ್ ಜಿಯೋ 2020ರ ಜುಲೈಯಲ್ಲಿ ಜಿಯೋಮೀಟ್ ಎಂಬ ಸಾಧನವನ್ನು ಹೊರತಂದಿತು. ಜೂಮಿನಲ್ಲಿ ಬಿಟ್ಟಿ ಸಭೆಗೆ 40 ನಿಮಿಷದ ಮಿತಿ. ಇಲ್ಲಿ 100 ಜನ ಸೇರಿ 24 ಗಂಟೆ ಮಾತನಾಡಿದರೂ ಕಾಸು ಕೊಡಬೇಕಾಗಿರಲಿಲ್ಲ. ಆದರೆ ಹೊರರೂಪ ಜೂಮಿನ ಪಡಿಯಚ್ಚಿನಂತಿದೆಯೆಂದು ನೋಡಿದವರೆಲ್ಲ ಆಡಿಕೊಂಡರು. ಎದುರು ಹೋಟೆಲಿನ ತಿಂಡಿಯ ಪಟ್ಟಿಯನ್ನು ನಕಲು ಮಾಡುವುದು ಸುಲಭ. ಅಲ್ಲಿಯ ಭಟ್ಟರ ಕೈರುಚಿಯನ್ನು ನಕಲು ಮಾಡುವುದು ಸುಲಭವಲ್ಲ. ಬಿಟ್ಟಿ ಸಾಂಬಾರಿಗೆ ಬಂದ ಗಿರಾಕಿ ಇಡ್ಲಿ ಚೆನ್ನಾಗಿಲ್ಲದಿದ್ದರೆ ನಾಳೆ ಬರಲಾರ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಗಿರಾಕಿಗಳು ಹೆಚ್ಚಿದಾಗ ಜೂಮ್ 24 ತಿಂಗಳಲ್ಲಿ ತನ್ನ ನೌಕರರ ಸಂಖ್ಯೆಯನ್ನು ಮೂರು ಪಟ್ಟು ಮಾಡಿತು. ಜನರು ಮತ್ತೆ ಕಚೇರಿಗಳಿಗೆ ತೆರಳಿದರು. 2020ರ ಅಕ್ಟೋಬರಿನಲ್ಲಿ 550 ಡಾಲರು ದಾಟಿದ್ದ ಷೇರು 2022ರಲ್ಲಿ 100 ಡಾಲರಿಗಿಂತ ಕೆಳಗಿಳಿಯಿತು. 2023ರ ಫೆಬ್ರವರಿಯಲ್ಲಿ ಸುಮಾರು 1,300 ಜನರನ್ನು, ಎಂದರೆ ಶೇಕಡಾ 15ರಷ್ಟು ನೌಕರರನ್ನು, ಕೆಲಸದಿಂದ ತೆಗೆಯಲಾಯಿತು. ಕೆಲಸ ಹೋದವರಿಗೆ ಅರ್ಧ ಗಂಟೆಯೊಳಗೆ ಇ-ಮೇಲ್ ಬರುವುದೆಂದು ಅಮೆರಿಕದ ನೌಕರರಿಗೆ ತಿಳಿಸಲಾಯಿತು. ಮುಖ್ಯಸ್ಥರು ತಪ್ಪು ತಮ್ಮದೆಂದು ಒಪ್ಪಿ, ತಮ್ಮ ಸಂಬಳದಲ್ಲಿ ಶೇಕಡಾ 98ರಷ್ಟನ್ನು ಕಡಿಮೆ ಮಾಡಿಕೊಂಡರು. ಹೀಗೆ ಒಪ್ಪುವವರು ವಿರಳ, ನಿಜ. ಆದರೂ ಕೇಳಬೇಕಾಗಿದೆ: ಹಣ ಹಾಕುವವನಿಗೆ ಅಪಾಯದ ಪಟ್ಟಿ ಮುಂಚೆಯೇ ಕೈಗೆ ಸಿಗುತ್ತದೆ, ಬೆವರು ಹಾಕುವವನಿಗೆ ಮಾತ್ರ ಅರ್ಧ ಗಂಟೆಯ ಮುನ್ಸೂಚನೆ ಸಾಕೇ?

ಈ ಪ್ರಶ್ನೆ ಮುಂಬಯಿಗೆ ಹೊಸದಲ್ಲ. ಅನೇಕ ಗಿರಣಿಗಳಲ್ಲಿ ಮಗ್ಗಗಳು ಮುದಿಯಾಗಿದ್ದುವು, ಹೊಸ ಯಂತ್ರಕ್ಕೆ ಹಣ ಹಾಕಿರಲಿಲ್ಲ, ಭಿವಂಡಿಯ ಪವರ್‌ಲೂಮುಗಳು ಅಗ್ಗದ ಬಟ್ಟೆ ನೇಯುತ್ತಿದ್ದುವು. ಇದೆಲ್ಲ ಮಾಲಿಕರ ಲೆಕ್ಕದ ಪುಸ್ತಕಗಳಿಗೆ ಗೊತ್ತಿತ್ತು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದಾಗ ಅವರ ಮುಂದೆ ಆ ಪುಸ್ತಕಗಳನ್ನು ಬಿಚ್ಚಿಟ್ಟವರಿರಲಿಲ್ಲ. ಎಷ್ಟೋ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ನೆಲದಲ್ಲಿ ಇಂದು ಮಾಲ್ ಇದೆ. ನೆಲದ ಬೆಲೆ ಉಳಿಯಿತು, ಕೆಲಸ ಉಳಿಯಲಿಲ್ಲ.

ಕೆಲಸಗಾರರಿಗೆ ಹೇಳಿದರೆ ವ್ಯಾಪಾರದ ಗುಟ್ಟು ರಟ್ಟಾಗುತ್ತದೆಂದು ಮಾಲಿಕರು ಹೇಳಬಹುದು. ಷೇರು ಕೊಳ್ಳುವವರಿಗಾಗಿ ಲೋಕಕ್ಕೆಲ್ಲ ಸಾರಿದ ಮಾತಿನಲ್ಲಿ ಗುಟ್ಟೆಲ್ಲಿಯದು? ಉದ್ಯಮದ ಆಡಳಿತದಲ್ಲಿ ಕಾರ್ಮಿಕರಿಗೆ ಪಾಲು ದೊರಕಿಸಬೇಕೆಂಬ 43ಎ ವಿಧಿಯನ್ನು 1976ರಲ್ಲೇ ನಮ್ಮ ಸಂವಿಧಾನಕ್ಕೆ ಸೇರಿಸಲಾಗಿದೆ. ಅದು ಸರಕಾರಕ್ಕೆ ಕೊಟ್ಟ ನಿರ್ದೇಶನ ಮಾತ್ರ. ನ್ಯಾಯಾಲಯದಲ್ಲಿ ಹಕ್ಕೆಂದು ಕೇಳುವಂತಿಲ್ಲ. ಹಾಗೆಂದೇ ಸಂಘಗಳು ಕೇಳಬೇಕಾಗಿದೆ.

ನಾವು ಕೇಳುವುದು ಹೆಚ್ಚೇನಲ್ಲ. ವರ್ಷಕ್ಕೊಮ್ಮೆ, ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ, ಉದ್ಯಮಕ್ಕಿರುವ ಅಪಾಯಗಳನ್ನು ಅವರ ಮುಂದಿಡಲಿ. ಹೊಸ ಯಂತ್ರ, ಹೊಸ ಸರಕು ಬರುವುದಾದರೆ ಯಾರಿಗೆ ತರಬೇತಿ, ಯಾರ ಕೆಲಸಕ್ಕೆ ಕುತ್ತು ಎಂಬುದನ್ನು ಮೊದಲೇ ತಿಳಿಸಲಿ. ಹೋಟೆಲುಗಳಲ್ಲೂ ಅಷ್ಟೆ: ಜಾಗದ ಕರಾರು ಎಂದು ಮುಗಿಯುತ್ತದೆ, ಕಟ್ಟಡ ಕೆಡವುವ ಮಾತು ಎಲ್ಲಿಗೆ ಬಂದಿದೆ, ಫೋನಿನ ಮೂಲಕ ಬರುವ ಆರ್ಡರುಗಳಿಂದ ಬಡಿಸುವವರ ಕೆಲಸ ಎಷ್ಟು ಕುಗ್ಗೀತು – ಇವು ಗಲ್ಲಾದ ಮೇಲೆ ಕುಳಿತವರಿಗೆ ಮಾತ್ರ ತಿಳಿದಿದ್ದರೆ ಸಾಲದು. ಮಳೆ ಬರುವ ಸುದ್ದಿ ಮುಂಚೆ ತಿಳಿದವನು ಮಾಡು ಹೊದೆಸಿಕೊಳ್ಳುತ್ತಾನೆ. ತನ್ನ ಮಕ್ಕಳನ್ನು ರಾತ್ರಿ ಶಾಲೆಗೋ ಹೊಸ ಕಸಬಿಗೋ ಕಳುಹಿಸಲು ಅವನಿಗೆ ಸಮಯ ಸಿಗುತ್ತದೆ. ಮುಂದಿನ ಬೇಡಿಕೆ ಪಟ್ಟಿಯಲ್ಲಿ ಸಂಬಳ, ರಜೆ, ಬೋನಸುಗಳ ಸಾಲಿಗೆ ಇದನ್ನೂ ಒಂದು ಬೇಡಿಕೆಯಾಗಿ ಸೇರಿಸಬೇಕೆಂದು ಸಂಘಗಳ ಕಾರ್ಯಕರ್ತರಲ್ಲಿ ನಮ್ಮ ಅರಿಕೆ.