ಹುಚ್ಚೆಳ್ಳು ನಿಜವಾಗಿಯೂ ಹುಚ್ಚೆ?

ಗಿಡಮರಗಳಿಗೆ ಹೆಸರಿಡುವುದರಲ್ಲಿ ನಮ್ಮ ಹಿರಿಯರು ಜಾಣರು. ಆದರೆ ಒಂದು ಗಿಡಕ್ಕೆ ಮಾತ್ರ ಅನ್ಯಾಯ ಮಾಡಿದರೆಂದು ನನಗೆ ತೋರುತ್ತದೆ. ಅದೇ ಹುಚ್ಚೆಳ್ಳು. ತೆಲುಗರ 'ವೆರ್ರಿ ನುವ್ವುಲು' ಎಂಬ ಮಾತಿಗೂ ಹುಚ್ಚೆಳ್ಳೆಂದೇ ಅರ್ಥ. ತಮಿಳರ 'ಪೇಯೆಳ್ಳಿ'ನಲ್ಲಂತೂ ದೆವ್ವವೇ ಹೊಕ್ಕಿದೆ! ಹಿಂದಿಯವರು ಮಾತ್ರ 'ರಾಮತಿಲ್' ಎಂದು ಮರ್ಯಾದೆ ಉಳಿಸಿದ್ದಾರೆ. ವಾಸ್ತವವಾಗಿ ಎಳ್ಳಿಗೂ ಇದಕ್ಕೂ ಕುಲದ ನಂಟಿಲ್ಲ. ಇದು ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದು. ತವರು ಆಫ್ರಿಕದ ಇಥಿಯೋಪಿಯ. ಬಹು ಹಿಂದೆಯೇ ಬಂದು ನಮ್ಮದಾಗಿದೆ.

ಮಂಡ್ಯ ಜಿಲ್ಲೆಯೆಂದರೆ ಹೊರಗಿನವರ ಕಣ್ಣಿಗೆ ಕಾಣುವುದು ಶ್ರೀರಂಗಪಟ್ಟಣ, ಪಾಂಡವಪುರಗಳ ಭತ್ತದ ಗದ್ದೆ, ಕಬ್ಬಿನ ತೋಟ. ನಾಗಮಂಗಲ, ಕೃಷ್ಣರಾಜಪೇಟೆಗಳಲ್ಲಿ ನಾಲೆಯ ನೀರು ತಲಪದ ಊರುಗಳ ಮಾತು ಬೇರೆ. ಅಲ್ಲಿ ಮಳೆಯೇ ನಾಲೆ, ರಾಗಿಯೇ ದೊರೆ. ಆ ದೊರೆಯ ಪರಿವಾರವೇ ಅಕ್ಕಡಿ ಸಾಲು: ಅವರೆ, ತೊಗರಿ, ಜೋಳ, ಸಾಸಿವೆ, ಇವುಗಳೊಡನೆ ಹುಚ್ಚೆಳ್ಳು. ಇದರ ಸೊಪ್ಪಿಗೆ ದನ ಬಾಯಿ ಹಾಕಲು ಹಿಂಜರಿಯುವುದರಿಂದ ಹೊಲದ ಅಂಚಿನಲ್ಲಿ ಬಿತ್ತುವುದುಂಟು, ಖರ್ಚಿಲ್ಲದ ಬೇಲಿ! ಸುಮಾರು 100 ದಿನಗಳಲ್ಲಿ ಕೊಯ್ಲಿಗೆ ಬರುವ ಇದು ಗೊಬ್ಬರವನ್ನಾಗಲಿ ನೀರನ್ನಾಗಲಿ ಹೆಚ್ಚು ಕೇಳುವುದಿಲ್ಲ.

ಇದರ ಹಳದಿ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಲಾರದು; ಬೇರೆ ಗಿಡದ ಪರಾಗವನ್ನು ಜೇನ್ನೊಣ ತರಬೇಕು. ಜೇನಿಗೆ ಹೂವು ಬೇಕು, ಹೂವಿಗೆ ಜೇನು ಬೇಕು. ಕಾಳಿನ ತೂಕದಲ್ಲಿ ನೂರಕ್ಕೆ 30ರಿಂದ 40 ಪಾಲು ಎಣ್ಣೆ. ಗಾಣದಲ್ಲಿ ಉಳಿದ ಹಿಂಡಿ ಕೊಟ್ಟಿಗೆಗೆ. ಸೊಪ್ಪನ್ನು ಒಲ್ಲದ ದನ ಹಿಂಡಿಯನ್ನು ಬೇಡವೆನ್ನದು! ಹುರಿದ ಹುಚ್ಚೆಳ್ಳನ್ನು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪುಗಳೊಡನೆ ಕುಟ್ಟಿದ ಪುಡಿ ಬಿಸಿ ರಾಗಿರೊಟ್ಟಿಯ ಮೇಲೆ ಬಿದ್ದಾಗಿನ ರುಚಿಯನ್ನು ನಾನು ವರ್ಣಿಸಬೇಕಾಗಿಲ್ಲ. ಅಮೆರಿಕದವರು ಇದೇ ಕಾಳನ್ನು ತರಿಸಿಕೊಂಡು, ಮೊಳೆಯದಂತೆ ಶಾಖ ಕೊಟ್ಟು, ತಮ್ಮ ಅಂಗಳದ ಹಕ್ಕಿಗಳಿಗೆ ಹಾಕುತ್ತಾರೆ. ಅಲ್ಲಿನ ಹಕ್ಕಿಗಳು ಬಲ್ಲ ರುಚಿಯನ್ನು ಇಲ್ಲಿನ ಮಕ್ಕಳು ಮರೆಯುತ್ತಿದ್ದಾರೆ.

ಇದನ್ನು ಬರೆಯಲು ಒಂದು ಕಾರಣವಿದೆ. ನಾನು ನಾಗಮಂಗಲದ ಕಡೆಯ ರೈತನ ಮಗ. ಕಳೆದ ರಜೆಗೆ ಊರಿಗೆ ಹೊರಟಾಗ ಅವ್ವ, "ಬರುವಾಗ ಸಂತೇಲಿ ಒಂದು ಸೇರು ಹುಚ್ಚೆಳ್ಳು ತಕಂಡು ಬಾ ಮಗ" ಎಂದು ಹೇಳಿ ಕಳಿಸಿದ್ದಳು. ಕೊಂಡೆ. ಚೀಲ ಹಿಡಿದು ನಡೆಯುವಾಗ ನಾಚಿಕೆಯಾಯಿತು. ಹೊಲವಿರುವವನು ಹುಚ್ಚೆಳ್ಳನ್ನು ಸಂತೆಯಲ್ಲಿ ಕೊಳ್ಳುವುದೆ? ಅಪ್ಪನನ್ನು ಕೇಳಿದೆ. "ರಾಗಿ ಕೊಯ್ಯೋಕೆ ಮಿಷನ್ನು ಬತ್ತದೆ, ಅದಕ್ಕೆ ಒಂದೇ ಬೆಳೆ ಇರಬೇಕು. ಅಕ್ಕಡಿ ಅಡ್ಡ ಆಯ್ತದೆ" ಎಂದರು. ಆಳು ಸಿಗದ ಕಾಲದಲ್ಲಿ ಆ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಹುಚ್ಚೆಳ್ಳಿನ ಇಳುವರಿ ಕಡಿಮೆಯೆಂಬುದೂ ನಿಜವೇ.

ಆದರೂ ಲೆಕ್ಕವನ್ನು ಪೂರ್ತಿ ಮಾಡಬೇಡವೆ? ಕೇಂದ್ರ ಸರ್ಕಾರವು 2025-26ರ ಮುಂಗಾರು ಬೆಳೆಗಳಿಗೆ ಸಾರಿದ ಬೆಂಬಲ ಬೆಲೆ, ಕ್ವಿಂಟಾಲಿಗೆ, ರಾಗಿಗೆ 4,886 ರೂಪಾಯಿ, ಹುಚ್ಚೆಳ್ಳಿಗೆ 9,537 ರೂಪಾಯಿ. ಅದು ಹೋಗಲಿ, ಮಳೆ ಕೈಕೊಟ್ಟ ವರ್ಷ ಒಂದು ಬೆಳೆ ಹೋದರೆ ಇನ್ನೊಂದು ಉಳಿಯಲಿ ಎಂಬುದೇ ಅಕ್ಕಡಿಯ ವಿವೇಕ. ಅಡಿಗೆಯ ಎಣ್ಣೆ, ದನದ ಹಿಂಡಿ, ಜೇನಿನ ಹೂವು, ಇವುಗಳಿಗೆ ಯಾವ ಅಂಗಡಿಯಲ್ಲಿ ಒಟ್ಟಿಗೆ ಬೆಲೆ ಕಟ್ಟುತ್ತಾರೆ? ಬಿತ್ತುವುದು ನಿಂತರೆ ಮನೆಯ ಬೀಜ ಹೋಗುತ್ತದೆ. ಬೀಜ ಹೋದರೆ ಅದನ್ನು ಬಿತ್ತುವ ಬುದ್ಧಿಯೂ ಹೋಗುತ್ತದೆ.

ಯಂತ್ರ ಬೇಡವೆಂದು ನನ್ನ ವಾದವಲ್ಲ. ಯಂತ್ರಕ್ಕೆ ನಡುಹೊಲವನ್ನು ಬಿಟ್ಟುಕೊಡೋಣ. ಬದುವಿನ ಬದಿಯ ಎರಡು ಸಾಲನ್ನಾದರೂ ಹುಚ್ಚೆಳ್ಳಿಗೆ ಉಳಿಸೋಣ. ಹಳ್ಳಿಯಿಂದ ಬಂದ ಸಹಪಾಠಿಗಳು ಈ ಮಾತನ್ನು ತಮ್ಮ ತಮ್ಮ ಮನೆಗಳಲ್ಲಿ ಎತ್ತಬೇಕೆಂದೂ, ನಮ್ಮ ಹಾಸ್ಟೆಲಿನ ಊಟದಲ್ಲಿ ವಾರಕ್ಕೊಮ್ಮೆಯಾದರೂ ಹುಚ್ಚೆಳ್ಳು ಪುಡಿ ಬಡಿಸುವಂತೆ ಅಧ್ಯಾಪಕರು ಮನಸ್ಸು ಮಾಡಬೇಕೆಂದೂ ನನ್ನ ಕೋರಿಕೆ.

ಸಂತೆಯಿಂದ ತಂದ ಆ ಸೇರಿನಲ್ಲಿ ಒಂದು ಹಿಡಿಯನ್ನು ಅವ್ವ ಹುರಿಯುವ ಮೊದಲೇ ತೆಗೆದಿಟ್ಟಿದ್ದೇನೆ. ಅಪ್ಪ ಒಂದು ಸಾಲಿಗೆ ಒಪ್ಪಿದ್ದಾರೆ.

— ದ್ವಿತೀಯ ಬಿ.ಎ. ವಿದ್ಯಾರ್ಥಿ