ನೆರಳಿನ ಲೆಕ್ಕ ಬಿಸಿಲಿಗೆ ಸಲ್ಲದು

ಸೆಕೆಗೂ ಒಂದು ಸೂಚ್ಯಂಕ ಇದೆ, ಗೆಳೆಯರೇ. ಹೀಟ್ ಇಂಡೆಕ್ಸ್ ಅಂತಾರೆ. ಗಾಳಿಯ ಉಷ್ಣಾಂಶ, ತೇವಾಂಶ ಎರಡನ್ನೂ ಸಮೀಕರಣಕ್ಕೆ ಹಾಕಿದರೆ ಮೈಗೆ ಎಷ್ಟು ಬಿಸಿ ತಟ್ಟುತ್ತೆ ಅನ್ನೋ ಅಂಕಿ ಬರುತ್ತೆ. 1979ರಲ್ಲಿ ಸ್ಟೆಡ್‌ಮನ್ ಎಂಬ ವಿಜ್ಞಾನಿ ಕಟ್ಟಿದ ಮಾದರಿ ಇದರ ಬುನಾದಿ. ಭಾರತದ ಹವಾಮಾನ ಇಲಾಖೆಯೂ 2023ರಲ್ಲಿ ಇಂಥ ಸೂಚ್ಯಂಕವನ್ನು ಪ್ರಾಯೋಗಿಕವಾಗಿ ಶುರು ಮಾಡಿತು.

ಸ್ಟೆಡ್‌ಮನ್ನನ ಲೆಕ್ಕದೊಳಗೆ ಒಬ್ಬ ಮನುಷ್ಯ ಇದ್ದಾನೆ. ಯಾರವನು? ತೂಕ 67 ಕೆ.ಜಿ. ಪ್ಯಾಂಟು, ಅರ್ಧ ತೋಳಿನ ಅಂಗಿ. ನೆರಳಲ್ಲಿ, ತೆಳುಗಾಳಿಯಲ್ಲಿ ನಡೆದು ಹೋಗ್ತಿದ್ದಾನೆ. ತಲೆ ಮೇಲೆ ಬುಟ್ಟಿ ಇಲ್ಲ, ಕೈಯಲ್ಲಿ ಸುತ್ತಿಗೆ ಇಲ್ಲ. ರಾಯಚೂರಿನ ಮೇ ಬಿಸಿಲಲ್ಲಿ ಮಣ್ಣು ಹೊರುವ ನಮ್ಮವ್ವ ಈ ಲೆಕ್ಕದಲ್ಲಿ ಎಲ್ಲಿದ್ದಾಳೆ? ನೇರ ಬಿಸಿಲಿಗೆ ಬಿದ್ದರೆ ಅಂಕಿ ಸುಮಾರು 8 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಹುದು ಅಂತ ಅಮೆರಿಕದ ಹವಾಮಾನ ಇಲಾಖೆಯೇ ಹೇಳುತ್ತದೆ. ನೆರಳಿನ ಅಂಕಿ ನೋಡಿ ಮೇಸ್ತ್ರಿ ಹೇಳ್ತಾನೆ: ‘ಅಂಥಾ ಬಿಸಿಲೇನಿಲ್ಲ, ನಡಿ.’

ನಾವು ಗಣಿತದ ವಿರೋಧಿಗಳಲ್ಲ. ಕಪ್ಪು ಗೋಳದೊಳಗೊಂದು ಉಷ್ಣಮಾಪಕ, ಒದ್ದೆ ಬಟ್ಟೆ ಸುತ್ತಿದ್ದು ಇನ್ನೊಂದು, ಎರಡನ್ನೂ ಬಯಲಲ್ಲಿಟ್ಟು ಬಿಸಿಲನ್ನೂ ಅಳೆಯುವ ಸೂಚ್ಯಂಕ 1950ರ ದಶಕದಿಂದಲೇ ಇದೆ. ಅಮೆರಿಕದ ಸೈನ್ಯದ ತರಬೇತಿಯಲ್ಲಿ ಸೆಕೆಗೆ ಕುಸಿಯುತ್ತಿದ್ದ ಹುಡುಗರಿಗಾಗಿ ಹುಟ್ಟಿದ್ದು. ಅಂಕಿ ಏರಿದರೆ ಅಲ್ಲಿ ಕವಾಯತು ನಿಲ್ಲುತ್ತದೆ. ಸೈನಿಕನ ಮೈಗೆ ಒಂದು ಗಣಿತ, ಕೂಲಿಯವಳ ಮೈಗೆ ಇನ್ನೊಂದೇ?

ಮಾದರಿ ತಾನಾಗಿ ಮಾತಾಡೋದಿಲ್ಲ. ಒಳಗೆ ಯಾರನ್ನು ಕೂರಿಸಿದ್ದೀರೋ ಅವರ ಸುಖದುಃಖವನ್ನಷ್ಟೇ ಹೇಳುತ್ತೆ. ಸಂಶೋಧಕರೇ, ಕಲ್ಲುಕ್ವಾರಿಯಲ್ಲಿ, ಇಟ್ಟಿಗೆ ಗೂಡಿನ ಮುಂದೆ ಆ ಕಪ್ಪು ಗೋಳ ನೆಡಿ. ಅಂಕಿ ಏರಿದ ಹೊತ್ತು ಕೆಲಸ ನಿಲ್ಲಲಿ, ಕೂಲಿ ಮಾತ್ರ ನಿಲ್ಲಕೂಡದು.