ಬಿಲ್ ಕೊಟ್ಟರೆ ಮರ್ಯಾದೆ ಕೊಡಬೇಕಾಗಿಲ್ಲವೇ?

ಮಧ್ಯವಾರ್ಷಿಕ ಪರೀಕ್ಷೆ ಮುಗಿದ ದಿನ ನಾವು ಒಂಬತ್ತು ಮಂದಿ ಗೆಳೆಯರು ಪೇಟೆಯ ಒಂದು ಹೋಟೆಲಿಗೆ ಹೋಗಿದ್ದೆವು. ಎಲ್ಲರೂ ಹಣ ಒಟ್ಟು ಮಾಡಿ ಬಿರಿಯಾನಿ ತಿನ್ನುವುದೆಂದು ಮೊದಲೇ ಮಾತಾಗಿತ್ತು. ಅಲ್ಲಿ ನಡೆದದ್ದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಆದರೆ ಅದನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳುವುದು ಸರಿಯಲ್ಲ.

ಕುಳಿತ ಕೂಡಲೇ ಒಬ್ಬ ಮೇಜು ತಟ್ಟಿ "ಏಯ್, ಇಲ್ಲಿ ಬಾ" ಎಂದು ಕರೆದ. ಬಂದ ಸಪ್ಲೈಯರ್ ನಮ್ಮ ತಂದೆಯ ವಯಸ್ಸಿನವರು. ಮೂವರು ಆರ್ಡರ್ ಹೇಳಿದರು, ಇಬ್ಬರು ಅದನ್ನು ಬದಲಿಸಿದರು. ಇನ್ನೊಬ್ಬ ಮೊಬೈಲಿನಿಂದ ತಲೆ ಎತ್ತದೆ "ಏನಾದರೂ ತನ್ನಿ" ಎಂದ. ತಂದುಕೊಟ್ಟ ಮೇಲೆ "ಇದಲ್ಲ ನಾನು ಹೇಳಿದ್ದು" ಎಂದು ರೇಗಿದ. ಅವರು ಎದುರು ಮಾತನಾಡದೆ ಪ್ಲೇಟ್ ತೆಗೆದುಕೊಂಡು ಹೋದರು. ನಾವು ಏಳುವಾಗ ಮೇಜಿನ ಮೇಲೆ ಎಲುಬು, ಗ್ಲಾಸಿನೊಳಗೆ ಟಿಶ್ಯೂ ಪೇಪರ್, ನೆಲದಲ್ಲಿ ಚೆಲ್ಲಿದ ನೀರು. ಒಬ್ಬನಂತೂ ಅರ್ಧ ಉಳಿಸಿದ ಬಿರಿಯಾನಿಯ ಮೇಲೆಯೇ ಕೈ ತೊಳೆದಿದ್ದ. ಮೇಜು ಒರೆಸಲು ಬಂದ ವಯಸ್ಸಾದ ಹೆಂಗಸು ಆ ಪ್ಲೇಟನ್ನು ಒಂದು ಕ್ಷಣ ನೋಡಿ ಬಕೆಟಿಗೆ ಸುರಿದರು. ನಾನು ಸುಮ್ಮನಿದ್ದೆ.

ನಾನು ಸುಮ್ಮನಿರಬಾರದಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ಮಾವನ ಹೋಟೆಲಿನಲ್ಲಿ ನಾನೇ ಎರಡು ತಿಂಗಳು ಸಪ್ಲೈಯರ್ ಆಗಿದ್ದೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಅಲ್ಲಿ ಉಸಿರಾಡಲೂ ಬಿಡುವಿಲ್ಲ. ಒಬ್ಬನಿಗೆ ಆರು ಮೇಜು. ಯಾರಿಗೆ ಪರೋಟ, ಯಾರಿಗೆ ಊಟ, ಯಾರು ಈರುಳ್ಳಿ ಬೇಡವೆಂದರು ಎಂಬುದೆಲ್ಲ ತಲೆಯಲ್ಲೇ ಇರಬೇಕು. ಒಳಗೆ ಪರೋಟ ಮಾಸ್ಟರ್ ಕಾವಲಿಯ ಮುಂದೆ ಬೆವರಿಳಿಸಿಕೊಂಡು "ಆರ್ಡರ್ ಸರಿಯಾಗಿ ಹೇಳು" ಎಂದು ಬೈಯುತ್ತಾರೆ. ಹೊರಗೆ ಗಿರಾಕಿ "ಎಷ್ಟು ಹೊತ್ತು" ಎಂದು ಬೈಯುತ್ತಾರೆ. ನಮ್ಮ ಊಟ ನಾಲ್ಕು ಗಂಟೆಗೆ. ರಾತ್ರಿ ಚಪ್ಪಲಿ ಬಿಚ್ಚಿದರೆ ಪಾದ ಊದಿರುತ್ತಿತ್ತು.

ಆ ಎರಡು ತಿಂಗಳಲ್ಲಿ ನೂರಾರು ಜನರಿಗೆ ಬಡಿಸಿದ್ದೇನೆ. ಅವರಲ್ಲಿ ಈಗಲೂ ನೆನಪಿರುವುದು ದಿನಾ ಬರುತ್ತಿದ್ದ ಒಬ್ಬ ರಿಕ್ಷಾ ಚಾಲಕರು. ನನಗಿಂತ ಎಷ್ಟೋ ದೊಡ್ಡವರಾದರೂ "ಒಂದು ಚಾ ಕೊಡ್ತೀರಾ ತಮ್ಮಾ" ಎಂದು ಕೇಳುತ್ತಿದ್ದರು. ಹೋಗುವಾಗ ಗ್ಲಾಸನ್ನು ಮೇಜಿನ ಅಂಚಿಗೆ ಸರಿಸಿಟ್ಟು ಹೋಗುತ್ತಿದ್ದರು. ಅಷ್ಟೇ. ಅವರು ಬಂದರೆ ನನ್ನ ಆಯಾಸ ಅರ್ಧ ಇಳಿಯುತ್ತಿತ್ತು.

"ದುಡ್ಡು ಕೊಡುವುದಿಲ್ಲವೇ? ಅದು ಅವರ ಕೆಲಸ" ಎಂದು ಕೆಲವು ಗೆಳೆಯರು ವಾದಿಸುತ್ತಾರೆ. ಬಡಿಸುವುದು, ಒರೆಸುವುದು ಅವರ ಕೆಲಸ ಹೌದು. ಆದರೆ ಬೈಗುಳ ತಿನ್ನುವುದು ಯಾವ ಮೆನುವಿನಲ್ಲೂ ಇಲ್ಲ. ನಾವು ಕೊಟ್ಟ ಹಣ ಊಟಕ್ಕೆ ಮತ್ತು ಸೇವೆಗೆ. ನಮ್ಮ ಮನೆಗೆ ಬಂದ ನೆಂಟರು ಹೀಗೆ ಮಾಡಿ ಹೋದರೆ ಉಮ್ಮ ಏನು ಹೇಳಿಯಾರು?

ಹಾಗಾದರೆ ನಾವು ಮಾಡಬೇಕಾದದ್ದೇನು? ದೊಡ್ಡ ವಿಷಯಗಳೇನೂ ಅಲ್ಲ. ಕರೆಯುವಾಗ ಚಿಟಿಕೆ, ಶಿಳ್ಳೆ ಬೇಡ. "ಅಣ್ಣಾ", "ಅಕ್ಕಾ" ಎನ್ನೋಣ. ಗುಂಪಿನಲ್ಲಿ ಹೋದರೆ ಏನು ಬೇಕೆಂದು ಮೊದಲೇ ನಿರ್ಧರಿಸಿ ಒಬ್ಬರೇ ಆರ್ಡರ್ ಹೇಳೋಣ. ತಿನ್ನುವಷ್ಟೇ ತರಿಸೋಣ, ಸಾಲದಿದ್ದರೆ ಮತ್ತೆ ಕೇಳಬಹುದು. ಉಳಿದರೆ ಪಾರ್ಸೆಲ್ ಮಾಡಿಸಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಕೈ ತೊಳೆಯಲು ವಾಶ್ ಬೇಸಿನ್ ಇದೆ, ಪ್ಲೇಟ್ ಅದಕ್ಕಲ್ಲ. ಊಟದ ಹೊತ್ತಿನಲ್ಲಿ ಜನ ಕಾಯುತ್ತಿದ್ದರೆ ತಿಂದಾದ ಮೇಲೆ ಹರಟೆಗೆ ಬೇರೆ ಜಾಗ ನೋಡೋಣ. ಕೆಲಸದವರನ್ನು ಕೇಳದೆ ಅವರ ವಿಡಿಯೋ ತೆಗೆದು ರೀಲ್ಸ್ ಹಾಕುವುದಂತೂ ಬೇಡವೇ ಬೇಡ.

ಮರ್ಯಾದೆ ಎಂದರೆ ಎಲ್ಲವನ್ನೂ ನುಂಗಿಕೊಳ್ಳುವುದು ಎಂದಲ್ಲ. ಊಟ ಹಳಸಿದ್ದರೆ, ಬಿಲ್ ತಪ್ಪಾಗಿದ್ದರೆ ಕೇಳಲೇಬೇಕು. ಅಡುಗೆ ಮಾಡಿದವರೂ ಬಿಲ್ ಬರೆದವರೂ ಸಪ್ಲೈಯರ್ ಅಲ್ಲ; ಹಾಗಾಗಿ ಅವರ ಮೇಲೆ ಕೂಗಾಡದೆ ಕೌಂಟರಿನಲ್ಲಿ ಶಾಂತವಾಗಿ ಹೇಳೋಣ. ಹೋಟೆಲಿನವರು ಬಿಲ್ಲಿಗೆ ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಅಲ್ಲಿಯೇ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಟಿಪ್ಸ್ ಕೊಡುವುದು ಬಿಡುವುದು ನಮ್ಮ ಇಷ್ಟ. ವಿದ್ಯಾರ್ಥಿಗಳ ಕಿಸೆ ಎಷ್ಟೆಂದು ಅವರಿಗೂ ಗೊತ್ತು. ಒಂದು "ಥ್ಯಾಂಕ್ಸ್" ಹೇಳಲು ಖರ್ಚಿಲ್ಲ.

ಇನ್ನೊಂದು ಮಾತು. ಮೇಜು ಒರೆಸುವವನು 14 ವರ್ಷದೊಳಗಿನ ಮಗುವಿನಂತೆ ಕಂಡರೆ ಅವನನ್ನು ಗದರಿಸುವುದೂ ತಪ್ಪು, ನೋಡಿ ಸುಮ್ಮನೆ ಬರುವುದೂ ತಪ್ಪು. ಹೋಟೆಲ್, ಢಾಬಾಗಳಲ್ಲಿ ಅಂಥ ಮಕ್ಕಳನ್ನು ದುಡಿಸುವುದಕ್ಕೆ 2006ರ ಅಕ್ಟೋಬರ್‌ನಿಂದಲೇ ನಿಷೇಧವಿದೆ. 1098ಕ್ಕೆ ಕರೆ ಮಾಡಬಹುದು.

ರಂಜಾನ್ ಸಂಜೆಗಳಲ್ಲಿ ನಾವು ಹೋಟೆಲಿಗೆ ಹೋಗುವುದುಂಟು. ನಮ್ಮ ಮುಂದೆ ಖರ್ಜೂರ, ಶರಬತ್ತು ತಂದಿಡುವವರೂ ಹೆಚ್ಚಾಗಿ ಉಪವಾಸಿಗರೇ. ಬಾಂಗ್ ಕೇಳಿದಾಗ ನಾವು ಕುಳಿತು ತಿನ್ನುತ್ತೇವೆ, ಅವರು ನಿಂತಲ್ಲೇ ಒಂದು ಗುಟುಕು ನೀರು ಕುಡಿದು ಮುಂದಿನ ಮೇಜಿಗೆ ಓಡುತ್ತಾರೆ. ಆ ಹೊತ್ತಿನಲ್ಲಿ ಸಮೋಸ ಐದು ನಿಮಿಷ ತಡವಾದರೆ ಏನೂ ಆಗುವುದಿಲ್ಲ.

ಕಳೆದ ವಾರ ನಾನೊಬ್ಬನೇ ಆ ಹೋಟೆಲಿಗೆ ಹೋಗಿದ್ದೆ. ಚಾ ತಂದಿಟ್ಟ ಅದೇ ಸಪ್ಲೈಯರ್ ಬಳಿ "ಅಂದು ನಾವು ಸರಿಯಾಗಿ ನಡೆದುಕೊಳ್ಳಲಿಲ್ಲ, ಬೇಸರ ಮಾಡಬೇಡಿ" ಎಂದೆ. ಅವರಿಗೆ ನಮ್ಮ ನೆನಪೇ ಇರಲಿಲ್ಲ. ನನ್ನ ಯೂನಿಫಾರ್ಮ್ ನೋಡಿ "ಕಾಲೇಜು ಮಕ್ಕಳಲ್ವಾ, ಅದೆಲ್ಲ ಮಾಮೂಲು ಮಗಾ" ಎಂದು ನಕ್ಕು ಒಳಗೆ ಹೋದರು.

ಅವರು ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಗೆಳೆಯರೇ, ನಮ್ಮ ಯೂನಿಫಾರ್ಮ್ ಕಂಡಾಗ ಜನರಿಗೆ ಇದು ಮಾಮೂಲು ಅನಿಸಬಾರದು. ವಾರ್ಷಿಕ ಪರೀಕ್ಷೆ ಮುಗಿದ ದಿನ ನಾವೆಲ್ಲ ಮತ್ತೆ ಯಾವುದಾದರೊಂದು ಹೋಟೆಲಿಗೆ ಹೋಗುತ್ತೇವೆ. ಆ ದಿನ ಯಾರಾದರೂ ಮೇಜು ತಟ್ಟಿದರೆ ನಾನು ಸುಮ್ಮನಿರುವುದಿಲ್ಲ. ನೀವೂ ಸುಮ್ಮನಿರಬೇಡಿ.